ದೇಸಿಗೀತದ ಅಧಿಷ್ಠಾನ
(ಹಡ್ಸನ್ ನದೀತೀರದ ಗ್ರೀಷ್ಮೋತ್ಸವವನ್ನು ಕುರಿತ ವಿಮರ್ಶೆ)

೧

ದೇಸಿಗೀತವನ್ನು ಕುರಿತು ಪ್ರಾಚೀನ ಲಕ್ಷಣಕಾರರು ಬರೆದಿರುವ ಮಾತುಗಳಲ್ಲಿ ಒಂದಂಶವು ವಿಶೇಷವಾಗಿ ಗಮನಿಸತಕ್ಕುದಾಗಿದೆ. ಗೀತದ ಸ್ವರೂಪವನ್ನು ನಿರೂಪಿಸುವಾಗ ಅವರು ಅದನ್ನು ಹಾಡುವವರು ಯಾರು, ಯಾವ ದೇಶದವರು, ಯಾವ ಕೆಲಸದಲ್ಲಿ ತೊಡಗಿರುವಾಗ ಹಾಡುವರು ಎಂಬುದನ್ನೂ ಲಕ್ಷಣದೊಳಗೇ ಸೇರಿಸಿರುವರು. ಹೆಂಗಸರು, ಮಕ್ಕಳು, ಗೋವಳರು, ಅರಸರು ತಂತಮ್ಮ ದೇಶದಲ್ಲಿ ಸ್ವೇಚ್ಛೆಯಿಂದ ಪ್ರೀತಿಪೂರ್ವಕವಾಗಿ ಹಾಡುವುದು ದೇಸಿಯೆಂದು ಮತಂಗನ ಬೃಹದ್ದೇಶಿಯ ಅಭಿಪ್ರಾಯ. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಓವಿಯನ್ನು ಹೇಳುವಾಗ, ಮಹಾರಾಷ್ಟ್ರದ ಸ್ತ್ರೀಯರು ಧಾನ್ಯವನ್ನು ಕುಟ್ಟುವಾಗ ಹಾಡುವ ಗೀತವೆಂದು ಗುರುತಿಸುತ್ತಾನೆ. ಆದುದರಿಂದ ಒನಕೆಯು ಆ ಗೀತಕ್ಕೆ ಹೊರಗಿನ ಉಪಾಧಿಯಲ್ಲ; ಅದರ ಅಧಿಷ್ಠಾನವೇ ಆಗಿದೆ. ತಾಳವೂ ಉಸಿರಿನ ವಿರಾಮವೂ ಪಾದದ ಅಳತೆಯೂ ಅಲ್ಲಿಂದಲೇ ಹುಟ್ಟುವುವು.

ಇಂತಿರಲು, ಆ ಕೆಲಸವು ಲೋಕದಿಂದ ಮರೆಯಾದರೆ ಗೀತದ ಗತಿಯೇನು? ಕನ್ನಡನಾಡಿನಲ್ಲಿ ಈ ಪ್ರಶ್ನೆಯು ಹೊಸದಲ್ಲ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ತ್ರಿಪದಿಗಳನ್ನು ಬೀಸುವ ಕಲ್ಲಿನ ಬಳಿಯಿಂದ ಓದುವ ಮೇಜಿಗೆ ತಂದಿತು. ಅದರಿಂದ ಸಾಹಿತ್ಯಕ್ಕಾದ ಲಾಭವು ಅಪಾರವಾದುದು. ಆದರೆ ಹಿಟ್ಟಿನ ಗಿರಣಿ ಬಂದಮೇಲೆ ಆ ಹಾಡನ್ನು ಹಾಡತಕ್ಕ ಕಾರಣವೇ ಮನೆಯೊಳಗೆ ಉಳಿಯಲಿಲ್ಲ. ಅದು ಪುಸ್ತಕದಲ್ಲಿಯೋ ಸಭಾಮಂಟಪದಲ್ಲಿಯೋ ನಿಲ್ಲಬೇಕಾಯಿತು. ಇದೇ ಪ್ರಶ್ನೆಯನ್ನು ಅಮೆರಿಕದ ಸಂಯುಕ್ತಸಂಸ್ಥಾನಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಉತ್ಸವಗಳು ದೊಡ್ಡ ಪ್ರಮಾಣದಲ್ಲಿ ಎದುರಿಸಿದುವು. ಅವುಗಳಲ್ಲಿ ಹಡ್ಸನ್ ನದಿಯ ತೀರದಲ್ಲಿ ಜೂನ್ ತಿಂಗಳಲ್ಲಿ ಸೇರುತ್ತಿದ್ದ ಉತ್ಸವವು ಈ ಪ್ರಶ್ನೆಗೆ ಅಪೂರ್ವವಾದ ಉತ್ತರವೊಂದನ್ನು ಕೊಟ್ಟಿರುವುದರಿಂದ ಅದರ ಗುಣದೋಷವಿಚಾರವು ಪ್ರಸ್ತುತವಾಗಿದೆ.

೨

ರೋಡ್ ಐಲೆಂಡ್ ಸಂಸ್ಥಾನದ ಸಮುದ್ರತೀರದ ನ್ಯೂಪೋರ್ಟ್ ಪಟ್ಟಣದಲ್ಲಿ ೧೯೫೯ರಲ್ಲಿ ಜನಪದಗೀತೋತ್ಸವವು ಮೊದಲಾಯಿತು. ಬೆಟ್ಟದ ಹಳ್ಳಿಗಳ ಪಿಟೀಲುವಾದಕರೂ ಹತ್ತಿಯ ಹೊಲಗಳ ಗಾಯಕರೂ ಅಲ್ಲಿ ವೇದಿಕೆಯನ್ನೇರಿದರು. ನಗರವಾಸಿಗಳಾದ ಸಹಸ್ರಾರು ಮಂದಿ ಕುಳಿತು ಕೇಳಿದರು. ಗೀತಗಳಿಗೆ ಕೀರ್ತಿ ಬಂದಿತು. ಆದರೆ ಗೀತದೊಡನೆ ಹುಟ್ಟಿದ ಕೆಲಸವು ವೇದಿಕೆಗೆ ಬರುವುದು ಸಾಧ್ಯವಿರಲಿಲ್ಲ. ಆ ಉತ್ಸವದ ಪ್ರಮುಖರಲ್ಲಿ ಒಬ್ಬರಾದ ಗಾಯಕ ಪೀಟ್ ಸೀಗರ್ (೧೯೧೯–೨೦೧೪) ಈ ಕೊರತೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ೧೯೬೬ರಲ್ಲಿ ಅವರೂ ಅವರ ಪತ್ನಿ ತೋಷಿಯವರೂ ಮಗನೂ ವಿದ್ವಾಂಸರಾದ ಬ್ರೂಸ್ ಜಾಕ್ಸನ್ನರೊಡನೆ ಕೂಡಿ ಟೆಕ್ಸಾಸಿನ ಸೆರೆಮನೆಯೊಂದರಲ್ಲಿ ಕರಿಯ ಜನಾಂಗದ ಬಂದಿಗಳು ಮರ ಕಡಿಯುವಾಗ ಹಾಡುತ್ತಿದ್ದ ಗೀತಗಳ ಚಲಚ್ಚಿತ್ರವನ್ನು ತೆಗೆದರು. ಅಲ್ಲಿ ಒಬ್ಬನು ಎತ್ತಿಕೊಟ್ಟ ಪಾದಕ್ಕೆ ಉಳಿದವರು ದನಿಗೂಡಿಸುವರು. ಕೊಡಲಿಗಳೆಲ್ಲವೂ ಒಂದೇ ಗಳಿಗೆಯಲ್ಲಿ ಬೀಳುವುವು. ತಾಳ ತಪ್ಪಿದರೆ ಪಕ್ಕದವನ ಕೈಕಾಲಿಗೆ ಅಪಾಯ. ಗೀತಕ್ಕೂ ಕೆಲಸಕ್ಕೂ ಇರುವ ಸಂಬಂಧವು ಎಷ್ಟು ನಿಕಟವಾದುದೆಂಬುದು ಇದರಿಂದ ವಿಶದವಾಗುವುದು.

ಅದೇ ಕಾಲದಲ್ಲಿ ಸೀಗರರು ತಾವು ವಾಸಿಸುತ್ತಿದ್ದ ಹಡ್ಸನ್ ತೀರದಲ್ಲಿ ಬೇರೊಂದು ಪ್ರಯತ್ನಕ್ಕೆ ಕೈಹಾಕಿದರು. ಅಡಿರಾಂಡಾಕ್ ಪರ್ವತಗಳಲ್ಲಿ ಹುಟ್ಟಿ ೩೧೫ ಮೈಲಿ ಹರಿದು ನ್ಯೂಯಾರ್ಕಿನಲ್ಲಿ ಸಮುದ್ರವನ್ನು ಸೇರುವ ಈ ನದಿಯಲ್ಲಿ ಸಮುದ್ರದ ಉಬ್ಬರವು ಟ್ರಾಯ್ ಪಟ್ಟಣದವರೆಗೆ, ಅಂದರೆ ಸುಮಾರು ೧೫೦ ಮೈಲಿ, ಮೇಲಕ್ಕೇರುವುದು. ೧೮, ೧೯ನೆಯ ಶತಮಾನಗಳಲ್ಲಿ ಡಚ್ಚರ ಮಾದರಿಯ ‘ಸ್ಲೂಪ್’ ಎಂಬ ಒಂಟಿ ಕೂವೆಮರದ ಹಾಯಿಹಡಗುಗಳು ಈ ಉಬ್ಬರವಿಳಿತಗಳನ್ನು ಅನುಸರಿಸಿ ಸರಕನ್ನೂ ಪ್ರಯಾಣಿಕರನ್ನೂ ಸಾಗಿಸುತ್ತಿದ್ದುವು. ಉಗಿಹಡಗೂ ರೈಲೂ ಬಂದಮೇಲೆ ಅವು ಅಳಿದುಹೋದುವು. ವರ್‌ಪ್ಲಾಂಕ್ ಮತ್ತು ಕೋಲ್ಯರ್ ಎಂಬಿಬ್ಬರು ೧೯೦೮ರಲ್ಲಿ ಆ ಹಡಗುಗಳನ್ನು ಕುರಿತು ಬರೆದಿದ್ದ ಗ್ರಂಥವೊಂದನ್ನು ಓದಿ ಸೀಗರರು ಅಂತಹ ಹಡಗನ್ನು ಮತ್ತೆ ಕಟ್ಟಬೇಕೆಂದು ಸಂಕಲ್ಪಿಸಿದರು. ತೀರದ ಊರುಗಳಲ್ಲಿ ಸಂಗೀತಕೂಟಗಳನ್ನು ನಡೆಸಿ ಹಣವನ್ನು ಕೂಡಿಸಿದರು. ಮೇಯ್ನ್ ಸಂಸ್ಥಾನದ ಸೌತ್ ಬ್ರಿಸ್ಟಲಿನಲ್ಲಿ ಮರದಿಂದ ಕಟ್ಟಿದ, ೧೦೬ ಅಡಿ ಉದ್ದದ ‘ಕ್ಲಿಯರ್‌ವಾಟರ್’ ಅಥವಾ ‘ತಿಳಿನೀರು’ ಎಂಬ ಹಡಗು ೧೯೬೯ನೆಯ ಮೇ ತಿಂಗಳ ೧೭ರಂದು ನೀರಿಗಿಳಿಯಿತು. ಅದರ ಮೊದಲ ಪ್ರಯಾಣದಲ್ಲಿ ನಾವಿಕರಾಗಿದ್ದವರಲ್ಲಿ ಅನೇಕರು ಗಾಯಕರೇ. ದಾರಿಯುದ್ದಕ್ಕೂ ಹಾಡಿ ಹಣ ಕೂಡಿಸುತ್ತ ಅವರು ಹಡಗನ್ನು ನ್ಯೂಯಾರ್ಕಿಗೆ ತಂದರು.

ಸಂಗೀತಕೂಟಗಳಾಗಿ ಮೊದಲಾದ ಈ ಉದ್ಯಮವೇ ೧೯೭೮ರ ಹೊತ್ತಿಗೆ ಕ್ರೋಟನ್ ಪಾಯಿಂಟ್ ಎಂಬ ಭೂಶಿರದಲ್ಲಿ ಎರಡು ದಿನಗಳ ಮಹೋತ್ಸವವಾಗಿ ಬೆಳೆಯಿತು. ಗಾಯಕರು, ಕಥೆಗಾರರು, ಕುಶಲಕರ್ಮಿಗಳು, ಚಿಕ್ಕ ದೋಣಿಗಳನ್ನು ಕಟ್ಟುವವರು ಒಂದೇ ಬಯಲಿನಲ್ಲಿ ನೆರೆಯುತ್ತಿದ್ದರು. ಏರ್ಪಾಟಿನ ಭಾರವನ್ನು ಹೊತ್ತವರು ಮುಖ್ಯವಾಗಿ ತೋಷಿ ಸೀಗರ್ (೧೯೨೨–೨೦೧೩). ಕಿವುಡರಿಗಾಗಿ ಹಾಡಿನ ಅರ್ಥವನ್ನು ಹಸ್ತಸಂಜ್ಞೆಯಿಂದ ತಿಳಿಸುವವರನ್ನು ವೇದಿಕೆಯ ಮೇಲೆ ನಿಲ್ಲಿಸಿದುದು ಈ ಉತ್ಸವದ ವಿಶೇಷಗಳಲ್ಲೊಂದು.

೩

ಈ ಉತ್ಸವದ ವಿಷಯದಲ್ಲಿ ಮೂರು ಆಕ್ಷೇಪಗಳು ಸಂಭವಿಸುವುವು. ಹಾಡಿದವರು ನಿಜವಾದ ಜನಪದರಲ್ಲವೆಂಬುದು ಮೊದಲನೆಯದು. ಸೀಗರರು ಸಂಗೀತಶಾಸ್ತ್ರಜ್ಞರ ಮಗ. ಹಾರ್ವರ್ಡ್ ವಿದ್ಯಾಪೀಠದಲ್ಲಿ ಕೆಲಕಾಲ ಓದಿದವರು. ಕರ್ತೃವಿನ ಹೆಸರು ತಿಳಿದಿರುವ ಹೊಸ ಹಾಡುಗಳು ದೇಸಿಯಾಗುವುದೆಂತು? ಹಾಡನ್ನು ನದಿಯ ಶುದ್ಧೀಕರಣವೆಂಬ ಅನ್ಯಪ್ರಯೋಜನಕ್ಕೆ ಸಾಧನವಾಗಿ ಮಾಡಿಕೊಂಡರೆಂಬುದು ಎರಡನೆಯದು. ಹಗ್ಗ ಎಳೆಯುವಾಗ ಹಾಡಿದ ನಾವಿಕಗೀತಗಳು ಮಹಾಸಾಗರದ ವ್ಯಾಪಾರನೌಕೆಗಳವೇ ಹೊರತು ಹಡ್ಸನ್ ನದಿಯವಲ್ಲವೆಂಬುದು ಮೂರನೆಯದು.

ಮೊದಲನೆಯ ಆಕ್ಷೇಪಕ್ಕೆ ಮತಂಗನ ವಾಕ್ಯದಲ್ಲಿಯೇ ಸಮಾಧಾನವಿದೆ. ಆತನು ಗೋವಳರೊಡನೆ ಅರಸರನ್ನೂ ಸೇರಿಸಿರುವನಾದುದರಿಂದ ದೇಸಿಯು ಕುಲದಿಂದಲೂ ವಿದ್ಯೆಯಿಂದಲೂ ನಿರ್ಣಯವಾಗತಕ್ಕುದಲ್ಲ. ಸ್ವದೇಶದಲ್ಲಿ, ಸ್ವೇಚ್ಛೆಯಿಂದ, ಅನುರಾಗದಿಂದ ಹಾಡುವುದೇ ಅದರ ನಿಯಾಮಕ. ಕರ್ತೃವಿನ ಹೆಸರು ಅಡ್ಡಿಯಾಗುವುದಾದರೆ ದಾಸರ ಪದಗಳು ಜನರ ಬಾಯಲ್ಲಿ ನೆಲಸಿದುದಕ್ಕೆ ಉಪಪತ್ತಿಯೇ ಇಲ್ಲವಾಗುವುದು.

ಎರಡನೆಯದು ಹೆಚ್ಚು ಗಂಭೀರವಾದ ಆಕ್ಷೇಪ. ಮಮ್ಮಟನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಶಿವೇತರಕ್ಷತಿಯನ್ನೂ, ಅಂದರೆ ಅಮಂಗಳನಿವಾರಣೆಯನ್ನೂ ಹೇಳಿ, ಸೂರ್ಯನನ್ನು ಸ್ತುತಿಸಿದ ಮಯೂರಕವಿಯನ್ನು ಉದಾಹರಿಸಿರುವನು. ಹಡ್ಸನ್ ತೀರದ ಅಮಂಗಳವು ಕಲ್ಪಿತವಾದುದಲ್ಲ. ೧೯೪೭ರಿಂದ ೧೯೭೭ರವರೆಗೆ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎರಡು ಕಾರ್ಖಾನೆಗಳಿಂದ ಪಿ.ಸಿ.ಬಿ. ಎಂಬ ವಿಷದ್ರವ್ಯವು ನದಿಯನ್ನು ಸೇರಿತು. ಪಟ್ಟೆಮೀನಿನ ವ್ಯಾಪಾರವನ್ನು ೧೯೭೬ರಲ್ಲಿ ನಿಷೇಧಿಸಬೇಕಾಯಿತು. ಶುದ್ಧಜಲದ ಶಾಸನವು ೧೯೭೨ರಲ್ಲಿ ಬಂದಿತು. ೧೯೮೪ರಲ್ಲಿ ನದಿಯ ೨೦೦ ಮೈಲಿಗಳ ಭಾಗವನ್ನು ವಿಷಮಯ ಪ್ರದೇಶವೆಂದು ಸರ್ಕಾರವು ಪಟ್ಟಿಗೆ ಸೇರಿಸಿತು. ತಳದ ಕೆಸರನ್ನು ತೆಗೆಯುವ ಕೆಲಸವು ೨೦೦೯ರಿಂದ ೨೦೧೫ರವರೆಗೆ ನಡೆಯಿತು. ಇವೆಲ್ಲ ಗೀತದ ಫಲವೆಂದು ಹೇಳುವುದು ಅತಿಶಯೋಕ್ತಿಯಾದೀತು. ಶಾಸನವು ಪ್ರಭುಸಂಮಿತವಾದ ಆಜ್ಞೆ. ಅದಕ್ಕೆ ದಂಡದ ಬಲವುಂಟು. ಆದರೆ ಜನರಿಗೆ ನದಿಯಲ್ಲಿ ಪ್ರೀತಿಯಿಲ್ಲದಿದ್ದರೆ ಶಾಸನವನ್ನು ಬೇಡುವವರೂ ಇರುವುದಿಲ್ಲ, ಅದು ನಡೆಯುತ್ತಿದೆಯೇ ಎಂದು ನೋಡುವವರೂ ಇರುವುದಿಲ್ಲ. ಆ ಪ್ರೀತಿಯನ್ನು ಹುಟ್ಟಿಸುವುದು ಕಾಂತಾಸಂಮಿತವಾದ ಉಪದೇಶ. ಅದು ಗೀತದ ಕ್ಷೇತ್ರದೊಳಗಣ ಕಾರ್ಯವೇ.

ಹಾಗೆಂದಮಾತ್ರಕ್ಕೆ ಉದ್ದೇಶವು ಒಳ್ಳೆಯದಾದರೆ ಹಾಡೂ ಒಳ್ಳೆಯದೆಂದು ತಿಳಿಯಕೂಡದು. ಸೀಗರರ ಎರಡು ರಚನೆಗಳನ್ನು ಹೋಲಿಸಿದರೆ ತಾರತಮ್ಯವು ಗೊತ್ತಾಗುವುದು. ೧೯೬೬ರ ಗಾನಮುದ್ರಿಕೆಯೊಂದರಲ್ಲಿ ಸೇರಿರುವ ‘ಮೈ ಡರ್ಟಿ ಸ್ಟ್ರೀಮ್’ ಎಂಬುದು ಕಾರ್ಖಾನೆಯ ಕೊಳೆಯನ್ನೂ ಊರುಗಳ ಹೊಲಸನ್ನೂ ಹೆಸರಿಸಿ ಹೇಳುವುದು. ಅದರಲ್ಲಿ ಆರ್ಜವವಿದೆ, ಹಾಸ್ಯದ ಮೊನೆಯಿದೆ. ಆದರೆ ಅರ್ಥವು ಬಹುಮಟ್ಟಿಗೆ ವಾಚ್ಯದಲ್ಲಿಯೇ ಮುಗಿಯುವುದು. ‘ಆಫ್ ಟೈಮ್ ಅಂಡ್ ರಿವರ್ಸ್ ಫ್ಲೋಯಿಂಗ್’ ಎಂಬ ಇನ್ನೊಂದು ಕಾಲವನ್ನೂ ಋತುಗಳನ್ನೂ ನದಿಯನ್ನೂ ಒಂದೇ ಪ್ರವಾಹವಾಗಿ ಕಾಣಿಸುವುದು. ಇದಕ್ಕೆ ಅವರು ಅಳವಡಿಸಿದ ಮಟ್ಟು ೧೫೯೯ರಲ್ಲಿ ಅಚ್ಚಾದ ಜರ್ಮನ್ ಭಾಷೆಯ ಕ್ರಿಸ್ತಜನನದ ಸ್ತೋತ್ರವೊಂದರದು. ಆ ಸ್ತೋತ್ರದ ವಸ್ತು, ಕಡುಚಳಿಗಾಲದ ನಡುರಾತ್ರಿಯಲ್ಲಿ ಅರಳಿದ ಹೂವು. ಮಟ್ಟನ್ನು ಬಲ್ಲ ಶ್ರೋತೃವಿಗೆ ಹೊಸ ಮಾತುಗಳ ಹಿಂದೆ ಆ ಹೂವು ತಾನಾಗಿಯೇ ಹೊಳೆಯುವುದು. ಕೆಟ್ಟುಹೋದ ನದಿಯು ಮತ್ತೆ ತಿಳಿಯಾದೀತೆಂಬ ಆಸೆಗೆ ಅದರಿಂದ ಬಲವು ಬರುವುದು. ಹಳೆಯ ಮಟ್ಟಿಗೆ ಹೊಸ ಸಾಹಿತ್ಯವನ್ನು ಹೊಂದಿಸುವ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಮಟ್ಟೇ ಧ್ವನಿಗೆ ಆಶ್ರಯವಾಗುವುದು ಅಪೂರ್ವ. ಈ ಗೀತವು ಮೊದಲಿನದಕ್ಕಿಂತ ಶ್ರೇಷ್ಠವಾಗಿರುವುದು ಇದರಿಂದಲೇ.

೪

ಮೂರನೆಯ ಆಕ್ಷೇಪದ ವಿಚಾರದಲ್ಲಿ ಉತ್ಸವದ ಮುಖ್ಯವಾದ ಸಿದ್ಧಿಯು ಪ್ರಕಟವಾಗುವುದು. ನಾವಿಕಗೀತಗಳು ಸಾಗರದಿಂದ ಬಂದುವೆಂಬುದು ನಿಜ. ಆದರೆ ಕ್ಲಿಯರ್‌ವಾಟರ್ ಹಡಗಿನ ಹಾಯಿಗಳ ವಿಸ್ತಾರ ೪,೩೦೫ ಚದರಡಿ. ದೊಡ್ಡ ಹಾಯಿಯನ್ನು ಏರಿಸಲು ಹತ್ತಾರು ಕೈಗಳು ಒಂದಾಗಿ ಎಳೆಯಬೇಕು. ಹಡಗನ್ನೇರಿದ ಶಾಲೆಯ ಮಕ್ಕಳೂ ಉಪಾಧ್ಯಾಯರೂ ಇತರ ಪ್ರಯಾಣಿಕರೂ ಸಾಲಾಗಿ ನಿಂತು ಹಗ್ಗವನ್ನು ಹಿಡಿಯುವರು. ಒಬ್ಬರು ಪಾದವನ್ನು ಎತ್ತಿಕೊಡುವರು. ಪಲ್ಲವಿಯ ಒತ್ತು ಬೀಳುವೆಡೆಯಲ್ಲಿ ಎಲ್ಲರೂ ಎಳೆಯುವರು. ಅಲ್ಲಿ ಗೀತವು ಪ್ರದರ್ಶನವಲ್ಲ. ಹಾಡದಿದ್ದರೆ ಎಳೆತವು ಚೆದರುವುದು; ಹಾಡಿದರೆ ಹಾಯಿ ಏರುವುದು. ನೂರು ವರ್ಷಗಳ ಹಿಂದೆ ಕೆಲಸವನ್ನು ಕಳೆದುಕೊಂಡಿದ್ದ ಗೀತಕ್ಕೆ ಇಲ್ಲಿ ಮತ್ತೆ ಕೆಲಸವು ದೊರೆಯಿತು. ಬೇರೆಡೆಯ ಉತ್ಸವಗಳು ಗೀತವನ್ನು ಸಂರಕ್ಷಿಸಲು ವೇದಿಕೆಯನ್ನು ಕಟ್ಟಿದರೆ, ಹಡ್ಸನ್ ತೀರದವರು ಹಡಗನ್ನು ಕಟ್ಟಿದರು. ಅಧಿಷ್ಠಾನವನ್ನೇ ಪುನಃ ಪ್ರತಿಷ್ಠಿಸಿದುದರಿಂದ ಎರವಾಗಿ ಬಂದ ಗೀತವೂ ಆ ನದಿಗೆ ದೇಸಿಯಾಯಿತು.

ಶಿಲ್ಪದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದು. ನಾಟ್ಯದಲ್ಲಿ ಸೇರದ ಶಿಲ್ಪವಿಲ್ಲವೆಂದು ಭರತಮುನಿಯು ಹೇಳಿರುವನು. ಉತ್ಸವದ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟ ಮಡಕೆ, ನೆಯ್ಗೆ, ಮರಗೆಲಸಗಳು ಮನೋಹರವಾಗಿದ್ದರೂ ಅವು ಕೊಂಡವರ ಮನೆಯ ಅಲಂಕಾರವಾಗಿ ಹೋಗತಕ್ಕವು. ನೀರಿನ ಮೇಲೆ ನಿಂತ ಹಡಗಾದರೋ ಕುಶಲಕರ್ಮವು ಉಪಯೋಗದಲ್ಲಿರುವಾಗಲೇ ಸುಂದರವಾಗಿರುವುದಕ್ಕೆ ಪ್ರತ್ಯಕ್ಷನಿದರ್ಶನ. ೨೦೦೪ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಾನಗಳ ಪಟ್ಟಿಗೆ ಸೇರಿಸಲಾಯಿತು. ಹಳೆಯ ಮಾದರಿಯಲ್ಲಿ ಹೊಸದಾಗಿ ಕಟ್ಟಿದ ಹಡಗಿಗೆ ಈ ಗೌರವವು ಬಂದುದು ಅದರ ವಯಸ್ಸಿಗಾಗಿ ಅಲ್ಲ, ಅದು ಮಾಡಿದ ಕೆಲಸಕ್ಕಾಗಿ.

೫

ದೋಷಗಳನ್ನೂ ಹೇಳದೆ ವಿಮರ್ಶೆಯು ಪೂರ್ಣವಾಗದು. ಹಡಗಿನ ಮೇಲೆ ಸಾಧಿಸಿದುದನ್ನು ಬಯಲಿನಲ್ಲಿ ಅಷ್ಟಾಗಿ ಸಾಧಿಸಲಾಗಲಿಲ್ಲ. ಅನೇಕ ವೇದಿಕೆಗಳು, ಧ್ವನಿವರ್ಧಕಗಳು, ಪ್ರಸಿದ್ಧ ಗಾಯಕರ ಹೆಸರುಗಳು, ಪ್ರವೇಶದ ಚೀಟಿ ಇವುಗಳಿಂದ ಅಲ್ಲಿ ನೆರೆದವರಲ್ಲಿ ಬಹುಮಂದಿ ಮತ್ತೆ ಶ್ರೋತೃಗಳೇ ಆದರು. ಒಂದೊಂದು ಪಾದವನ್ನೂ ಮೊದಲು ಹೇಳಿಕೊಟ್ಟು ಸಭೆಯೆಲ್ಲವೂ ಹಾಡುವಂತೆ ಮಾಡುವ ಸೀಗರರ ಪದ್ಧತಿಯು ಈ ದೋಷಕ್ಕೆ ಒಂದು ಪರಿಹಾರವಾಗಿತ್ತು. ಆದರೆ ಅದು ವ್ಯಕ್ತಿಯ ಶಕ್ತಿಯನ್ನು ಅವಲಂಬಿಸಿತ್ತು. ೨೦೧೩ರಲ್ಲಿ ತೋಷಿಯವರೂ ಮರುವರ್ಷದ ಜನವರಿಯಲ್ಲಿ ಸೀಗರರೂ ಕಾಲವಾದರು; ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ತೀರದಲ್ಲಿ ಜನರು ಕೂಡಲಾಗಲಿಲ್ಲ. ವ್ಯಕ್ತಿಯನ್ನು ನಂಬಿದ ಉತ್ಸವವು ವ್ಯಕ್ತಿಯೊಡನೆ ಕುಗ್ಗುವುದು. ಹಗ್ಗವನ್ನು ನಂಬಿದ ಗೀತವು, ಹಗ್ಗವಿರುವವರೆಗೂ ಹೊಸ ಕೈಗಳಿಗೆ ದೊರೆಯುವುದು.

ಉತ್ಸವದ ಆಂಗ್ಲನಾಮದಲ್ಲಿರುವ ‘ರಿವೈವಲ್’ ಎಂಬ ಶಬ್ದಕ್ಕೆ ಪುನರುಜ್ಜೀವನವೆಂದರ್ಥ. ನದಿಯ ಪುನರುಜ್ಜೀವನ, ಹಳೆಯ ಹಾಡಿನ ಪುನರುಜ್ಜೀವನ, ಆ ದೇಶದ ಕ್ರೈಸ್ತರು ಬಯಲಿನಲ್ಲಿ ನೆರೆದು ನಡೆಸುವ ಭಕ್ತಿಸಭೆ ಎಂಬ ಮೂರೂ ಅರ್ಥಗಳು ಆ ಶ್ಲೇಷದಲ್ಲಿ ಅಡಗಿವೆ. ಉತ್ಸವಸ್ಥಾನವಾದ ಕ್ರೋಟನ್ ಪಾಯಿಂಟಿನಲ್ಲಿ ಈಗ ಹುಲ್ಲು ಬೆಳೆದಿರುವ ದೊಡ್ಡ ದಿಣ್ಣೆಯೊಂದು ಬಹುಕಾಲ ಆ ಪ್ರಾಂತದ ಕಸವನ್ನು ಸುರಿಯುತ್ತಿದ್ದ ಸ್ಥಳವೆಂಬುದನ್ನು ನೆನೆದರೆ ಆ ಹೆಸರು ಇನ್ನಷ್ಟು ಅನ್ವರ್ಥವಾಗಿ ತೋರುವುದು.

ಒಟ್ಟಿನಲ್ಲಿ, ಜನಪದೋತ್ಸವಗಳ ಯೋಗ್ಯತೆಯನ್ನು ನೆರೆದ ಜನಸಂಖ್ಯೆಯಿಂದಲೂ ಗಾಯಕರ ಖ್ಯಾತಿಯಿಂದಲೂ ಅಳೆಯುವುದು ಸಾಧುವಲ್ಲ. ಹಾಡಿಗೆ ಅಲ್ಲಿ ಏನಾದರೂ ಕೆಲಸವಿತ್ತೇ, ಕೇಳಲು ಬಂದವನ ಕೈಯೂ ಆ ಕೆಲಸದಲ್ಲಿ ಸೇರಿತೇ ಎಂದು ನೋಡಬೇಕು. ಬೀಸುವ ಪದಗಳನ್ನು ವೇದಿಕೆಯ ಮೇಲೆ ಹಾಡಿಸಿ ಉಳಿಸಿಕೊಂಡೆವೆಂದು ತೃಪ್ತರಾಗುವ ಕನ್ನಡಿಗರಿಗೂ ಇದು ವಿಚಾರಾರ್ಹವಾದ ಮಾತು. ಬೀಸುವ ಕಲ್ಲನ್ನು ಮನೆಗಳಿಗೆ ಮರಳಿ ತರುವುದು ಸಾಧ್ಯವೂ ಅಲ್ಲ, ಹೆಂಗಸರ ಶ್ರಮವನ್ನು ನೆನೆದರೆ ಅಪೇಕ್ಷಣೀಯವೂ ಅಲ್ಲ. ಆದರೆ ಕನ್ನಡನಾಡಿನಲ್ಲಿಯೂ ಕೆರೆಗಳುಂಟು, ನದಿಗಳುಂಟು. ಹತ್ತು ಜನರು ಒಂದಾಗಿ ಕೈಹಚ್ಚಬೇಕಾದ ಕೆಲಸಗಳು ಅವುಗಳ ದಡದಲ್ಲಿ ಕಾದಿವೆ. ಕೆಲಸವು ಮೊದಲಾದರೆ ಅದಕ್ಕೆ ತಕ್ಕ ಪದವು ಭಾಷೆಯೊಳಗಿಂದ ಎದ್ದು ಬರದೆ ಇರಲಾರದು.