ಬಕೆಟ್ ಇಲ್ಲದ ಬಚ್ಚಲು

ಬೆಂಗಳೂರಿನಲ್ಲಿರುವ ನಮ್ಮ ತಮ್ಮ ಕಳೆದ ವರ್ಷ ತನ್ನ ಫ್ಲ್ಯಾಟಿನ ಬಚ್ಚಲುಮನೆಯನ್ನು ಒಡೆಸಿ ಹೊಸದಾಗಿ ಕಟ್ಟಿಸಿದ. ಕೆಲಸ ಹಿಡಿಯುವ ಮೊದಲು ಇಂಟೀರಿಯರ್ ಡಿಸೈನರ್ ಕೊಟ್ಟಿದ್ದ ಚಿತ್ರಗಳ ಆಲ್ಬಮನ್ನು ನಮಗೂ ತೋರಿಸಿದ್ದ. ನಲವತ್ತಕ್ಕೂ ಹೆಚ್ಚು ಬಚ್ಚಲುಗಳು. ಬೂದು ಗೋಡೆ, ಕಪ್ಪು ನಲ್ಲಿ, ಗಾಜಿನ ತಡಿಕೆ, ಮೂಲೆಯಲ್ಲೊಂದು ಹಸಿರು ಗಿಡ. ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದೆವು. ಒಂದು ಚಿತ್ರದಲ್ಲೂ ಬಕೆಟ್ ಇರಲಿಲ್ಲ. ಮಗ್ಗು, ಒದ್ದೆ ಟವೆಲ್ಲು, ಕೂರುವ ಮಣೆ, ನೆನೆಸಿಟ್ಟ ಬಟ್ಟೆ ಯಾವುದೂ ಇರಲಿಲ್ಲ. ಮನುಷ್ಯರಂತೂ ಇಲ್ಲವೇ ಇಲ್ಲ. ಕಥೆ ಬರೆಯುವ ಚಾಳಿಯಿರುವ ನಮಗೆ ಅನ್ನಿಸಿದ್ದು, ವರ್ಣನೆ ಧಾರಾಳವಾಗಿದೆ, ಪಾತ್ರಗಳಿಲ್ಲ ಎಂದು. ಹಾಗೆ ಅನ್ನಿಸಿದರೂ ಸುಮ್ಮನಿದ್ದೆವು. ಆ ಮೌನಕ್ಕೆ ನಮ್ಮ ಅಮ್ಮಿ ಬೆಲೆ ತೆರಬೇಕಾಯಿತು.

ಕಥೆ, ನಾಟಕ, ಸಿನಿಮಾಗಳನ್ನು ಹಿಂಜಿ ಹಿಂಜಿ ವಿಮರ್ಶಿಸುವ ನಾವು ದಿನಾ ಬೆಳಿಗ್ಗೆ ಹೊಕ್ಕು ಬರುವ ಈ ಕೋಣೆಯ ಗೊಡವೆಗೆ ಹೋಗುವುದಿಲ್ಲ. ಅದರ ಮಾತೆತ್ತುವುದೇ ನಾಚಿಕೆ. ಕಾರ್ನೆಲ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕಿರಾ ಈ ನಾಚಿಕೆಯನ್ನು ಬದಿಗಿಟ್ಟು 1966ರಲ್ಲಿ 'ದಿ ಬಾತ್‌ರೂಮ್' ಎಂಬ ಪುಸ್ತಕ ತಂದರು. ಮನುಷ್ಯ ಹೇಗೆ ಬಾಗುತ್ತಾನೆ, ಹೇಗೆ ಕೂರುತ್ತಾನೆ, ಕೈ ಎಲ್ಲಿಯವರೆಗೆ ಚಾಚುತ್ತಾನೆ ಎಂದು ಪರಿಶೀಲಿಸಿ, ಬೇಸಿನ್ನು ಕಮೋಡುಗಳು ದೇಹಕ್ಕೆ ಹೊಂದುವಂತಿಲ್ಲ ಎಂದು ತೋರಿಸಿದರು. ಕುಕ್ಕರಗಾಲಿನಲ್ಲಿ ಕೂರುವುದೇ ದೇಹಕ್ಕೆ ಹೆಚ್ಚು ಸಹಜ ಎಂಬ ವಾದವೂ ಅದರಲ್ಲಿದೆ. ನಾವು ಆ ಭಂಗಿಯನ್ನು ಹಳ್ಳಿಗಾಡಿನದೆಂದು ಕಿತ್ತುಹಾಕುವ ಕೆಲಸದಲ್ಲಿ ತೊಡಗಿದ್ದೇವೆ.

ಹಾಗೆಂದು ಹಳೆಯ ಬಚ್ಚಲನ್ನು ಹೊಗಳಲು ನಾವು ಹೊರಟಿಲ್ಲ. ನಮ್ಮ ಊರಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಕೂರಿಸಿದ ಒಲೆಯಿತ್ತು. ಹಸಿ ಸೌದೆಯ ಹೊಗೆ ಕುಡಿದವರು ಹೆಂಗಸರು. ಇನ್ನು ಪಾಯಿಖಾನೆ. ಅದು ಹಿತ್ತಿಲ ತುದಿಯಲ್ಲಿತ್ತಂತೆ. ಅದರ ಹಿಂಬದಿಯ ಕಿಂಡಿಯಿಂದ ಮಲವನ್ನು ಬಳಿದು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದ ಹೆಂಗಸನ್ನು ಅಮ್ಮಿ ಕಂಡಿದ್ದಾರೆ, ಹೆಸರು ಮಾತ್ರ ಅವರಿಗೆ ಗೊತ್ತಿಲ್ಲ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಈ ನಾಡಿನ ದೊಡ್ಡ ಸಂಗತಿ. ಹಾಗಿದ್ದೂ 2010ರಲ್ಲಿ ಸವಣೂರಿನ ಭಂಗಿ ಕುಟುಂಬದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇಂಥ ಚರಿತ್ರೆಯಿರುವ ಕಡೆ ಬಚ್ಚಲಿನ ಚಂದದ ಬಗ್ಗೆ ಮಾತಾಡುವವರು ಅದನ್ನು ತೊಳೆಯುವವರ ಮಾತನ್ನೂ ಆಡಬೇಕು.

ಆದರೂ ಆ ಹಳೆಯ ಬಚ್ಚಲಿನಲ್ಲಿ ಒಂದು ತಿಳಿವಳಿಕೆಯಿತ್ತು. ನೆಲಕ್ಕೆ ಒರಟು ಕಲ್ಲಿನ ಚಪ್ಪಡಿ, ಕೂರಲು ಗಿಡ್ಡ ಕಲ್ಲು, ಮೋರಿಯ ಬಾಯಿಯ ಕಡೆಗೆ ಇಳಿಜಾರು. ಸುರಿದ ನೀರು ನಿಲ್ಲುತ್ತಿರಲಿಲ್ಲ. ಇಂದಿಗೂ ಪ್ಲಂಬರುಗಳು ನೆಲದ ನೀರು ಹೋಗುವ ಜಾಲರಿಯ ಕೆಳಗಿನ ಸಾಮಾನನ್ನು 'ನಹನಿ ಟ್ರ್ಯಾಪ್' ಎನ್ನುತ್ತಾರೆ. ಮರಾಠಿಯಲ್ಲಿ ನ್ಹಾಣಿ ಎಂದರೆ ಮೀಯುವ ಜಾಗ. ಹೆಸರು ಉಳಿದಿದೆ.

ತಮ್ಮನ ಮನೆಯಲ್ಲಿ ಕೆಲಸ ನಡೆಯುತ್ತಿದ್ದಾಗ ನಾವೊಮ್ಮೆ ಹೋಗಿದ್ದೆವು. ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿ ರಾಯಚೂರು ಕಡೆಯವರು. "ನೀರು ನಿಂದರತೈತ್ರಿ ಸರ, ಸ್ಲೋಪ್ ಸಾಲಂಗಿಲ್ಲ" ಎಂದರು. ಸ್ನಾನದ ಜಾಗದಲ್ಲಿ ನಾಲ್ಕಡಿಗೆ ಅರ್ಧದಿಂದ ಮುಕ್ಕಾಲು ಇಂಚಾದರೂ ಇಳಿಜಾರು ಬೇಕು. ಆಯ್ಕೆಯಾಗಿದ್ದದ್ದು ಎರಡಡಿ ಅಗಲ, ನಾಲ್ಕಡಿ ಉದ್ದದ ನುಣುಪು ಟೈಲು. ಅಷ್ಟು ದೊಡ್ಡ ಟೈಲನ್ನು ಒಂದು ಜಾಲರಿಯ ಕಡೆಗೆ ನಾಲ್ಕೂ ದಿಕ್ಕಿನಿಂದ ಇಳಿಸಬೇಕಾದರೆ ಓರೆಯಾಗಿ ಕತ್ತರಿಸಲೇಬೇಕು. ಕತ್ತರಿಸಿದರೆ ಗೆರೆ ಕಾಣುತ್ತದೆ, ಗೆರೆ ಕಂಡರೆ ಲುಕ್ ಹೋಗುತ್ತದೆ ಎಂದು ಡಿಸೈನರ್ ಒಪ್ಪಲಿಲ್ಲ. ಗೋಡೆಯುದ್ದಕ್ಕೂ ಉದ್ದನೆಯ ಜಾಲರಿ ಹಾಕಿ ಒಂದೇ ಕಡೆಗೆ ಇಳಿಸಬಹುದಿತ್ತು. ನೆಲಕ್ಕೆ ಮಾತ್ರ ಸಣ್ಣ ಒರಟು ಟೈಲು ಹಾಕಬಹುದಿತ್ತು, ಅವುಗಳ ನಡುವಿನ ಸಂದುಗಳೇ ಪಾದಕ್ಕೆ ಹಿಡಿತ ಕೊಡುತ್ತವೆ. ಒಂದಕ್ಕೆ ಖರ್ಚು ಅಡ್ಡ ಬಂತು, ಇನ್ನೊಂದಕ್ಕೆ ಚಂದ. ಮೇಸ್ತ್ರಿ ಮತ್ತೆ ಮಾತಾಡಲಿಲ್ಲ. ಕೈಯಲ್ಲಿ ಕರಣೆ ಹಿಡಿದವರ ಅನುಭವಕ್ಕೂ ಡ್ರಾಯಿಂಗ್ ಹಿಡಿದವರ ಮಾತಿಗೂ ನಮ್ಮಲ್ಲಿರುವ ತೂಕದ ವ್ಯತ್ಯಾಸ ಓದುಗರಿಗೆ ಗೊತ್ತೇ ಇದೆ.

ಡಿಸೆಂಬರಿನಲ್ಲಿ ಅಮ್ಮಿ ಬಂದರು. ಎಪ್ಪತ್ತಾರು ವರ್ಷ. ಹೊಸ ಬಚ್ಚಲಿನಲ್ಲಿ ಕೂತು ವುಜೂ ಮಾಡುವ ಜಾಗವಿಲ್ಲ, ಕೆಳಗೊಂದು ನಲ್ಲಿಯಿಲ್ಲ. ಮುಖ, ಕೈ ಬೇಸಿನ್ನಿನಲ್ಲಿ ತೊಳೆಯಬಹುದು. ಕಾಲು? ಹರೆಯದವರು ಒಂಟಿ ಕಾಲಲ್ಲಿ ನಿಂತು ಪಾದವನ್ನು ಬೇಸಿನ್ನಿಗೆ ಎತ್ತುತ್ತಾರೆ, ಅದೂ ಅಪಾಯವೇ. ಅಮ್ಮಿ ಗಾಜಿನ ಅಂಚು ಹಿಡಿದುಕೊಂಡು ಷವರಿನ ಜಾಗಕ್ಕೆ ಕಾಲಿಟ್ಟಿದ್ದಾರೆ. ರಾತ್ರಿ ಯಾರೋ ಮಿಂದ ನೀರು ಅಲ್ಲೇ ನಿಂತಿತ್ತು. ಬಂದ ನಾಲ್ಕನೆಯ ದಿನ, ಫಜರ್ ಹೊತ್ತಿಗೆ, ಜಾರಿ ಬಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅವರು ಬಿದ್ದದ್ದು ಬಾಗಿಲಿಗೆ ಅಡ್ಡಲಾಗಿ. ತಳ್ಳಿದರೆ ಅವರಿಗೇ ತಗಲುತ್ತಿತ್ತು. ತಮ್ಮ ಬೆರಳಷ್ಟು ಬೆರಳಷ್ಟೇ ಸಂದು ಮಾಡಿಕೊಂಡು ಒಳಗೆ ಹೋದ. ಬಲಗೈ ಮಣಿಕಟ್ಟು ಮುರಿದಿತ್ತು. ಸೊಂಟ ಉಳಿಯಿತಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು.

ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು ಎಂಬುದು ಹೊಸ ಸಂಶೋಧನೆಯಲ್ಲ. ಕಮೋಡಿನ ಪಕ್ಕ ಹಿಡಿಕೆ ಬೇಕೆಂಬುದೂ ಅಲ್ಲ. ಅವು ಆಲ್ಬಮಿನಲ್ಲಿ ಇರಲಿಲ್ಲ, ಏಕೆಂದರೆ ಹಿಡಿಕೆ ಕಂಡರೆ ಆಸ್ಪತ್ರೆಯ ನೆನಪಾಗುತ್ತದಂತೆ. ಮುಪ್ಪು ಬಾರದ, ಬಸುರಾಗದ, ಜ್ವರ ಬಾರದ ಒಂದು ದೇಹಕ್ಕಾಗಿ ಈ ಬಚ್ಚಲುಗಳು ತಯಾರಾಗುತ್ತಿವೆ. ಅಂಥ ದೇಹ ಚಿತ್ರದಲ್ಲಿ ಮಾತ್ರ ಇರಲು ಸಾಧ್ಯ.

ನೀರಿನ ಲೆಕ್ಕವೂ ಹೀಗೆಯೇ. ತಲೆಯ ಮೇಲಿನ ಅಗಲ ಷವರು ನಿಮಿಷಕ್ಕೆ 10 ಲೀಟರಿಗೂ ಹೆಚ್ಚು ಸುರಿಯಬಲ್ಲದು. ಒಂದು ಬಕೆಟ್ಟಿಗೆ 15ರಿಂದ 20 ಲೀಟರು ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಕಾದು ನಿಂತಿತ್ತು. ನಲ್ಲಿಗಳಿಗೆ ಏರಿಯೇಟರ್ ಹಾಕಿ ಎಂದು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಆದೇಶ ಹೊರಡಿಸಬೇಕಾಯಿತು. ಆಗ ಎಷ್ಟೋ ಮನೆಗಳಲ್ಲಿ ಬಾಲ್ಕನಿಗೆ ಎಸೆದಿದ್ದ ಬಕೆಟ್ಟು ಒಳಗೆ ಬಂತು.

ತೊಳೆಯುವವರ ಮಾತಿಗೆ ಬರೋಣ. ತಮ್ಮನ ಮನೆಗೆ ಕೆಲಸಕ್ಕೆ ಬರುವ ಹೆಂಗಸನ್ನು ನಾವೇ ಕೇಳಿದೆವು. ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಮೇಲೆ, ಕಪ್ಪು ನಲ್ಲಿಗಳ ಮೇಲೆ ಬಿಳಿ ಕಲೆ ಬಿಡುತ್ತದೆ. ದಿನವೂ ಒರೆಸದಿದ್ದರೆ ಆ್ಯಸಿಡ್ ಹಾಕಿ ಉಜ್ಜಬೇಕು. ಕಿಟಕಿಯಿಲ್ಲದ ಕೋಣೆಯಲ್ಲಿ ಅದರ ಘಾಟಿಗೆ ಕಣ್ಣು ಉರಿಯುತ್ತದೆ, ಬೆರಳ ತುದಿ ಸುಲಿಯುತ್ತದೆ. "ಒಂದ್ ಮಾತ್ರ ಚೆನ್ನಾಗ್ ಮಾಡವ್ರೆ ಸಾರ್, ಗೋಡೆಗೆ ನೇತಾಕಿರೋ ಕಮೋಡು. ಕೆಳಗೆ ಕೋಲು ಸಲೀಸಾಗಿ ಹೋಯ್ತದೆ" ಎಂದರು. ನಾವು ಓದಿದ ಬಚ್ಚಲು ವಿಮರ್ಶೆಗಳಲ್ಲಿ ಇದೇ ಖಚಿತವಾದದ್ದು. ಅವರು ಬಳಸುವುದು ನೆಲಮಾಳಿಗೆಯಲ್ಲಿ ವಾಚ್‌ಮನ್‌ಗೆಂದು ಕಟ್ಟಿರುವ ಪಾಯಿಖಾನೆಯನ್ನು. ಅದಕ್ಕೆ ಯಾವ ಡಿಸೈನರೂ ಇಲ್ಲ, ಬಲ್ಬೂ ಇಲ್ಲ.

ಡಿಸೈನರುಗಳನ್ನಷ್ಟೇ ದೂರುವುದು ನ್ಯಾಯವಲ್ಲ. 1972ರ ಕಾಯ್ದೆ ಆರ್ಕಿಟೆಕ್ಟ್ ಎಂಬ ಹೆಸರಿಗೆ ಕಾವಲು ಹಾಕಿದೆ. ಇಂಟೀರಿಯರ್ ಡಿಸೈನರ್ ಎಂಬ ಹೆಸರಿಗೆ ಅಂಥ ಕಾವಲಿಲ್ಲ, ಕಲಿತವರೂ ಹಾಕಿಕೊಳ್ಳಬಹುದು, ಟೈಲ್ಸ್ ಅಂಗಡಿಯವರೂ ಹಾಕಿಕೊಳ್ಳಬಹುದು. ಹಾಗಾಗಿ ಕೇಳಬೇಕಾದ್ದನ್ನು ಕೇಳುವ ಹೊಣೆ ಮನೆಯವರದೂ ಆಗುತ್ತದೆ. ನಮ್ಮ ತಮ್ಮ ಬಣ್ಣದ ಬಗ್ಗೆ ಒಂದು ತಿಂಗಳು ಚರ್ಚೆ ಮಾಡಿದ್ದ, ಮನೆಗೆ ಅಮ್ಮಿ ಬರುತ್ತಾರೆ ಎಂದು ಒಮ್ಮೆಯೂ ಹೇಳಿರಲಿಲ್ಲ.

ವಿಷಯ ತಿಳಿದು ಆ ಡಿಸೈನರ್ ಹೆಣ್ಣುಮಗಳು ತಾನಾಗಿ ಬಂದಳು. ತಮ್ಮ ಸಿಡುಕಿದ, ಆಕೆ ಎದುರಾಡಲಿಲ್ಲ. ಒಂದು ಪ್ಲಾಸ್ಟಿಕ್ ಸ್ಟೂಲ್ ತರಿಸಿ ಷವರಿನ ಜಾಗದಲ್ಲಿಟ್ಟು, "ಆಂಟಿ, ಇಲ್ಲಿ ಕೂತು ಏಳಿ, ಎಡಗೈ ಎಲ್ಲಿಗೆ ಹೋಗುತ್ತದೆ ನೋಡೋಣ" ಎಂದಳು. ಅಮ್ಮಿ ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗವಚಿಕೊಂಡು ಕೂತರು, ಎಡಗೈಯಿಂದ ಗೋಡೆ ತಡವುತ್ತ ಎದ್ದರು. "ಇಲ್ಲಿ ಬೇಟಿ" ಎಂದರು. ಆಕೆ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದಳು. ಮರುವಾರ ಅದೇ ಮೇಸ್ತ್ರಿ ಬಂದು ನೆಲದ ಟೈಲು ಕಿತ್ತು ಸಣ್ಣವನ್ನು ಇಳಿಜಾರಾಗಿ ಹಾಕಿದರು, ಮೊಣಕಾಲೆತ್ತರಕ್ಕೆ ಒಂದು ನಲ್ಲಿ ತಂದರು, ಗುರುತಿದ್ದ ಕಡೆ ಉಕ್ಕಿನ ಹಿಡಿಕೆ ಕೂರಿಸಿದರು. ಡ್ರಿಲ್ ಮಾಡುವಾಗ ಗೋಡೆಯ ಒಂದು ಟೈಲು ಸೀಳಿತು. ಬದಲಿಸಲೇ ಎಂದು ಕೇಳಿದಾಗ ಬೇಡ, ಇರಲಿ ಬಿಡಿ ಎಂದದ್ದು ಅಮ್ಮಿಯೇ.