ಇಪ್ಪತ್ತೊಂದು ಲೇಪದ ದಾರ

ಭಗಂದರದ (ಗುದದ ಬಳಿಯ ಫಿಸ್ಟುಲಾದ) ಮಾತು ಬಂದರೆ ನಮ್ಮ ಕಡೆ ಕ್ಷಾರಸೂತ್ರವನ್ನು ಹೊಗಳುವ ಮಾತು ಎರಡೇ: ‘ಸುಶ್ರುತನ ಕಾಲದ್ದು’, ‘ಕೊಯ್ಯುವುದೇ ಇಲ್ಲ’. ಎರಡೂ ಅರೆಬೆಂದವು. ಕ್ಷಾರದ ದಾರ ಸುಶ್ರುತನಲ್ಲಿ ಇದೆ, ನಿಜ. ಆದರೆ ಇಂದು ಆಯುರ್ವೇದ ಕಾಲೇಜುಗಳಲ್ಲಿ ಕಲಿಸುವ ದಾರ 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಿ.ಎಸ್. ಶಂಕರನ್, ಪಿ.ಜೆ. ದೇಶಪಾಂಡೆ ಮತ್ತವರ ಜೊತೆಗಾರರು ಹದಗೊಳಿಸಿದ್ದು. ಋಷಿಗೆ ಕೈಮುಗಿಯುವ ಭರದಲ್ಲಿ ಇವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಆ ದಾರವನ್ನೇ ನೋಡಿ. 20ನೇ ನಂಬರಿನ ಲಿನನ್ ನೂಲನ್ನು ಚೌಕಟ್ಟಿಗೆ ಬಿಗಿದು ಬರೀ ಕಳ್ಳಿಹಾಲು 11 ಸಲ, ಕಳ್ಳಿಹಾಲಿನ ಜೊತೆ ಉತ್ತರಾಣಿಯ ಕ್ಷಾರ 7 ಸಲ, ಕೊನೆಗೆ ಅರಿಶಿನ ಸೇರಿಸಿ 3 ಸಲ. ಪ್ರತಿ ಲೇಪವೂ ಒಣಗಿದ ಮೇಲೆಯೇ ಮುಂದಿನದು. ಎರಡು ಬಾಯಿಯ ಬಿಲದಂಥ ಫಿಸ್ಟುಲಾದ ದಾರಿಯಲ್ಲಿ ಇದನ್ನು ತೂರಿಸಿ ಹೊರಗೆ ಗಂಟು ಹಾಕುತ್ತಾರೆ. ವಾರಕ್ಕೊಮ್ಮೆ ಹಳೆಯ ದಾರದ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಹಳೆಯದು ಹೊರಗೆ, ಹೊಸದು ಒಳಗೆ. ವಾರಕ್ಕೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಕೊಯ್ಯುತ್ತದೆ. ಹೌದು, ಕೊಯ್ಯುತ್ತದೆ! ಬೇಲಿಯ ತಂತಿ ವರ್ಷಗಟ್ಟಲೆ ಮರದೊಳಗೆ ಇಳಿದು, ಹಿಂದೆ ತೊಗಟೆ ಕೂಡಿಕೊಂಡಿರುತ್ತದಲ್ಲ, ಹಾಗೆ: ಮುಂದೆ ಸೀಳು, ಹಿಂದೆ ಮಾಯುವುದು. ಮಲ ತಡೆಯುವ ಸ್ನಾಯು ಒಮ್ಮೆಲೇ ಬಿಚ್ಚಿಕೊಳ್ಳದಿರುವುದು ಈ ನಿಧಾನದಿಂದಲೇ. ಹೊಸ ದಾರ ಒಳಗೆ ಹೋದ ದಿನದ ಉರಿಯನ್ನು ‘ನೋವಿಲ್ಲದ ಚಿಕಿತ್ಸೆ’ ಎನ್ನುವವರು ಒಮ್ಮೆ ಬಿಸಿನೀರಿನ ಟಬ್ಬಿನಲ್ಲಿ ಕೂತು ನೋಡಲಿ.

ಇನ್ನು ‘ಲೇಸರ್ ಚಿಕಿತ್ಸೆ’ ಎಂದು ಬೋರ್ಡ್ ಹಾಕಿಕೊಂಡವರು. ಅವರಿಗೆ ದಾರವೆಂದರೆ ನಾಟಿ ಮದ್ದು. ಐಸಿಎಂಆರ್ 1991ರಲ್ಲಿ ಪ್ರಕಟಿಸಿದ, 502 ರೋಗಿಗಳ ಪ್ರಯೋಗವನ್ನು ಅವರು ಓದಿದಂತಿಲ್ಲ: ಒಂದು ವರ್ಷದಲ್ಲಿ ಕಾಯಿಲೆ ಮರುಕಳಿಸಿದ್ದು ದಾರದಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11. ಆದರೆ ದಾರದ ಭಕ್ತರು ಅದೇ ವರದಿಯ ಇನ್ನೊಂದು ಸಾಲನ್ನು ನುಂಗುತ್ತಾರೆ: ಮಾಯಲು ಹಿಡಿದದ್ದು ದಾರಕ್ಕೆ 8 ವಾರ, ಚಾಕುವಿಗೆ 4.

ನನ್ನ ಓಟು ದಾರಕ್ಕೇ. ಸ್ನಾಯುವಿನ ಮೇಲ್ಮೇಲೆ ಹೋದ ಸಣ್ಣ ಫಿಸ್ಟುಲಾಕ್ಕಾದರೆ ಚಾಕುವೇ ಸಾಕು, ಆ ಮಾತು ಬೇರೆ. ಆದರೆ ಎಂಟು ವಾರವನ್ನು ಕೊಲ್ಲೂರಿನಿಂದ ಎಣಿಸಬೇಕು. ಉಡುಪಿಯ ಕುತ್ಪಾಡಿಯ ಆಯುರ್ವೇದ ಆಸ್ಪತ್ರೆಗೆ ಹೋಗಿಬರಲು ಪ್ರತಿ ಸಲ ಸುಮಾರು 150 ಕಿ.ಮೀ., ಒಂದು ದಿನದ ಕೂಲಿ ಖೋತಾ. ಯಾವ ಲೇಖನವೂ ಇದನ್ನು ಲೆಕ್ಕಕ್ಕೆ ಹಿಡಿದದ್ದು ನಾನು ನೋಡಿಲ್ಲ. ದಾರ ಬದಲಿಸಿಕೊಂಡವ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಹೆಮ್ಮಾಡಿ, ವಂಡ್ಸೆ ದಾಟಿ ಊರು ಮುಟ್ಟುವವರೆಗೆ ಕಂಬಿ ಹಿಡಿದು ನಿಂತೇ ಇರುತ್ತಾನೆ. ಕಂಡಕ್ಟರ್ ಕೇಳಿದರೆ ‘ಪೈಲ್ಸ್’ ಅನ್ನುತ್ತಾನೆ.