ಜಮಖಾನಕ್ಕೆ ಕಟ್ಟಿದ ಚೀಟಿ

ಸೀರೆಯ ಅಂಗಡಿಗೆ ಹೋದಾಗ ನಾವು ಅಂಗಡಿಯವರನ್ನು ಅಷ್ಟು ಸುಲಭವಾಗಿ ಬಿಡುವವರಲ್ಲ. ಸೆರಗು ಬಿಡಿಸಿ, ಅಂಚು ತಿರುವಿ, ಒಳಮೈ ನೋಡಿ, ಬಣ್ಣ ಬಿಡುತ್ತದೆಯೇ ಎಂದು ನಾಲ್ಕು ಸಲ ಕೇಳಿದ ಮೇಲೇ ಪರ್ಸಿಗೆ ಕೈ ಹಾಕುವುದು. ಅದೇ ನಾವು ಕರಕುಶಲ ಮಳಿಗೆಯಲ್ಲಿ ಜಮಖಾನವನ್ನೋ ದಿಂಬಿನ ಚೀಲವನ್ನೋ ಎತ್ತಿಕೊಂಡರೆ ಮೊದಲು ಓದುವುದು ಅದಕ್ಕೆ ಕಟ್ಟಿದ ಚೀಟಿಯನ್ನು. ‘ನ್ಯಾಯಯುತ ವ್ಯಾಪಾರ’, ‘ಗ್ರಾಮೀಣ ಮಹಿಳೆಯರ ಬದುಕಿಗೆ ನಿಮ್ಮ ಆಸರೆ’. ಓದುತ್ತಲೇ ಮನಸ್ಸು ಕರಗುತ್ತದೆ, ನೇಯ್ಗೆ ನೋಡುವುದು ಮರೆತೇಹೋಗುತ್ತದೆ. ಈ ಚೀಟಿಯ ಬಗ್ಗೆ ನನ್ನದೊಂದು ತಕರಾರಿದೆ.

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನೇ ತೆಗೆದುಕೊಳ್ಳಿ. ಇದನ್ನು ನೇಯುವವರು ಹೆಂಗಸರು. ಆದಿಲಶಾಹಿ ಕಾಲದ ಬಿಜಾಪುರದಿಂದ ಬಂದ ಮುಸ್ಲಿಂ ಕುಟುಂಬಗಳ ವಿದ್ಯೆ ಇದು ಎನ್ನುತ್ತಾರೆ. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗ. ಅದರ ಮುಂದೆ ಕೂತು ಬಣ್ಣಬಣ್ಣದ ಹತ್ತಿ ನೂಲನ್ನು ಹಾಸಿನ ಎಳೆಗಳ ನಡುವೆ ಬೆರಳಿನಿಂದ ತೂರಿಸಿ, ಕಬ್ಬಿಣದ ಪಂಜದಿಂದ ಬಡಿದು ಬಡಿದು ಕೂರಿಸಬೇಕು. ಎಷ್ಟು ಬಿಗಿಯಾಗಿ ಬಡಿಯುತ್ತಾರೆಂದರೆ ಹಾಸು ಪೂರ್ತಿ ಮುಚ್ಚಿಹೋಗಿ ಹೊಕ್ಕು ಮಾತ್ರ ಕಾಣುತ್ತದೆ. ಹಾಗಾಗಿಯೇ ಜಮಖಾನವನ್ನು ಮಗುಚಿದರೆ ಆ ಮೈಯಲ್ಲೂ ಅದೇ ನವಿಲು, ಅದೇ ಪಗಡೆ ಹಾಸು. ಮೇಲೆ ಬಣ್ಣದ ಅಚ್ಚು ಹೊಡೆದು ಮಾರುವ ಹಾಸುಗಳಲ್ಲಿ ಹಿಂಬದಿ ಪೆಚ್ಚಾಗಿರುತ್ತದೆ. ಮಗುಚಿ ನೋಡುವುದೊಂದನ್ನು ಕಲಿತರೆ ಸಾಕು, ಅರ್ಧ ಮೋಸ ತಪ್ಪುತ್ತದೆ.

ನಮ್ಮ ಊರಿನ ಮಳಿಗೆಯೊಂದರಲ್ಲಿ ಇಂಥ ಎರಡು ಜಮಖಾನಗಳನ್ನು ಅಕ್ಕಪಕ್ಕ ಹಾಸಿಸಿ ನೋಡಿದೆ. ಒಂದು ಕೆಂಪು, ಹಳದಿ, ಹಸಿರಿನ ಪಗಡೆ ವಿನ್ಯಾಸದ್ದು; ಮೂಲೆಗಳಲ್ಲಿ ನವಿಲು. ನಾಲ್ಕೂ ನವಿಲುಗಳ ಕುತ್ತಿಗೆ ಒಂದೇ ಅಳತೆಯಲ್ಲಿ ಬಾಗಿಲ್ಲ. ಎಣಿಸುತ್ತ ನೇಯ್ದ ಕೈ ಅಲ್ಲಿ ಕಾಣುತ್ತದೆ, ನನಗೆ ಅದೇ ಇಷ್ಟವಾಯಿತು. ಇನ್ನೊಂದು ಪಟ್ಟಣದ ಡ್ರಾಯಿಂಗ್ ರೂಮಿಗೆಂದೇ ಮಾಡಿಸಿದ್ದು: ತಿಳಿ ಬೂದು, ತಿಳಿ ಗುಲಾಬಿ, ಬರೀ ಪಟ್ಟೆ. ಸೋಫಾಕ್ಕೆ ಹೊಂದುತ್ತದೆ ನಿಜ. ಆದರೆ ನವಿಲು ಎಣಿಸಬಲ್ಲವಳ ಹತ್ತಿರ ಪಟ್ಟೆ ನೇಯಿಸುವುದೆಂದರೆ, ಚಿರೋಟಿ ಮಾಡಬಲ್ಲವಳಿಗೆ ದಿನವೂ ಉಪ್ಪಿಟ್ಟು ಕೆದಕು ಎಂದ ಹಾಗೆ.

ಬೆಲೆ ಕೇಳಿದೆ. ಎರಡಕ್ಕೂ ಒಂದೇ! ಚದರಡಿಯ ಲೆಕ್ಕವಂತೆ. “ನವಿಲಿಗೆ ಹೆಚ್ಚು ದಿನ ಹಿಡಿಯುವುದಿಲ್ಲವೇನಮ್ಮಾ?” ಎಂದರೆ ಅಂಗಡಿಯ ಹುಡುಗಿ, “ಗೊತ್ತಿಲ್ಲ ಆಂಟಿ, ಚೀಟೀಲಿ ಅದೆಲ್ಲ ಬರೆದಿಲ್ಲ” ಎಂದಳು. ಸರಿಯಾಗಿಯೇ ಹೇಳಿದಳು. ಚೀಟಿಯಲ್ಲಿ ನೇಕಾರಳ ಬಡತನವಿತ್ತು, ಅವಳ ಕೆಲಸವಿರಲಿಲ್ಲ. ಎಷ್ಟು ದಿನ ಕೂತಳು, ಎಷ್ಟು ಕೈಗೆ ಬಂತು, ಒಂದೂ ಇಲ್ಲ. ಚದರಡಿಗೆ ಒಂದೇ ದರವಾದರೆ ನವಿಲನ್ನು ಯಾರು ನೇಯುತ್ತಾರೆ? ಪಟ್ಟೆ ಬೇಗ ಮುಗಿಯುತ್ತದೆ.

ನ್ಯಾಯಯುತ ವ್ಯಾಪಾರವೆಂಬ ಮಾತನ್ನು ಕಟ್ಟಿದವರು ಇಷ್ಟು ಸಡಿಲವಾಗಿ ಕಟ್ಟಿಲ್ಲ. 1989ರಲ್ಲಿ ಹುಟ್ಟಿದ, ಈಗ ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆ ಎನಿಸಿಕೊಂಡಿರುವ ಸಂಸ್ಥೆಗೆ ಹತ್ತು ನಿಯಮಗಳಿವೆ. ಬೆಲೆಯನ್ನು ಮಾಡಿದವರೊಡನೆ ಕೂತು ಮಾತಾಡಿಯೇ ನಿಗದಿ ಮಾಡಬೇಕು. ಕುಶಲಕರ್ಮಿಗಳು ಕೇಳಿದರೆ ಕನಿಷ್ಠ ಶೇ. 50ರಷ್ಟು ಹಣವನ್ನು ಬಡ್ಡಿಯಿಲ್ಲದೆ ಮುಂಗಡ ಕೊಡಬೇಕು. ಇದು ಸಣ್ಣ ಮಾತಲ್ಲ. ನೂಲು ತರಲು ಸಾಲ ಮಾಡಿದವಳ ಕೂಲಿ ಬಡ್ಡಿಗೇ ಹೋಗುತ್ತದೆಂಬುದು ಚೀಟಿ ಹಾಕಿದವರಿಗಿಂತ ನಮಗೆ ಚೆನ್ನಾಗಿ ಗೊತ್ತು. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ಮೂರು ನೇಕಾರ ಕುಟುಂಬಗಳಲ್ಲಿ ಸುಮಾರು ಎರಡರ ತಿಂಗಳ ಆದಾಯ 5,000 ರೂಪಾಯಿಗೂ ಕಡಿಮೆ. ಕೈಮಗ್ಗದ ಕೆಲಸಗಾರರಲ್ಲಿ ಶೇ. 70ಕ್ಕೂ ಹೆಚ್ಚು ಹೆಂಗಸರೇ. ಜಮಖಾನ ಕೈಮಗ್ಗಕ್ಕೇ ಮೀಸಲೆಂದು 1985ರ ಕಾಯ್ದೆ ಹೇಳುತ್ತದೆ, ನವಲಗುಂದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೂ ಅಲ್ಲಿ ನೇಯುವ ಕೈಗಳು ಕಡಿಮೆಯಾಗುತ್ತಲೇ ಬಂದಿವೆ.

ಹಿಂದೆ ಆ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸುತ್ತಿರಲಿಲ್ಲವಂತೆ, ಸೊಸೆಯರಿಗೆ ಮಾತ್ರ. ಮಗಳು ಮದುವೆಯಾಗಿ ಹೋದರೆ ಗುಟ್ಟೂ ಅವಳೊಡನೆ ಹೋಗುತ್ತದೆಂಬ ಭಯ. ಅಂಥ ಬೆಲೆಯಿತ್ತು ಆ ಕೈಗೆ! ಹಾಗೆ ಬಚ್ಚಿಟ್ಟುಕೊಂಡ ವಿದ್ಯೆಯನ್ನು ಇವತ್ತು ‘ಆಸರೆ ಕೊಡಿ’ ಎಂದು ಮಾರುತ್ತಿದ್ದೇವೆ.

ನಾನು ಪಗಡೆಯದನ್ನೇ ಕೊಂಡೆ, ಚೌಕಾಸಿ ಮಾಡಲಿಲ್ಲ. ನವಿಲಿಗೆ ಬೇರೆ ದರ ಹಾಕಿ, ನೇಯ್ದ ದಿನಗಳನ್ನೂ ಕೊಟ್ಟ ಕೂಲಿಯನ್ನೂ ಚೀಟಿಯಲ್ಲಿ ಬರೆಯಿರಿ ಎಂದು ಮಳಿಗೆಯ ಸಲಹಾ ಪುಸ್ತಕದಲ್ಲಿ ಬರೆದು ಬಂದಿದ್ದೇನೆ. ನೀವು ಹೋದಾಗ ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ.